ತೆರೆದ ಎಡಗೈ

ಕರ್ಪೂರದ ವಾಸನೆ. ಆಗೆಲ್ಲ ಟೇಬಲ್ ಟೆನಿಸ್ ಚೆಂಡು ಒಡೆದರೆ ಕರ್ಪೂರದ ವಾಸನೆ ಬರುತ್ತಿತ್ತು. ಗಾಜಿಪುರ ಓಣಿಯ ಮನೆಯಲ್ಲಿ ಎಂಟು ವರ್ಷದ ರಘೂತ್ತಮ ಒಡಕು ಚೆಂಡನ್ನು ಮೂಗಿಗೆ ಹಿಡಿದು, ಇದರೊಳಗೂ ದೇವರಿದ್ದಾನೆಂದು ನಂಬಿದ್ದ. ಈಗಿನ ಚೆಂಡು ಬೇರೆ ಪ್ಲಾಸ್ಟಿಕ್ಕಿನದು. ಬಸ್ಸಿನಲ್ಲಿ ಕೂತು ಒಂದನ್ನು ಮೂಸಿದ. ಏನೂ ಇರಲಿಲ್ಲ.

ಐವತ್ತೆರಡು ವರ್ಷದ ತರ್ಕಶಾಸ್ತ್ರದ ಅಧ್ಯಾಪಕ ಕಮಲಾಪುರದ ಬಸ್ಸಿನಲ್ಲಿ ಚೆಂಡು ಮೂಸುತ್ತ ಕೂತಿದ್ದಾನೆ! ಅವನಿಗೇ ನಗು ಬಂತು. ಬೆಳಗಿನಿಂದ ಮೈಯಲ್ಲಿ ಏನೋ ಹುರುಪು.

ಹುರುಪಿಗೆ ಕಾರಣ ನಿನ್ನೆಯ ಅವಮಾನ. ಕಾಲೇಜಿಗೆ ಹೊಸದಾಗಿ ಬಂದ ಇಂಗ್ಲಿಷ್ ಅಧ್ಯಾಪಕಿ ಫರೀದಾ ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಪರವಾಗಿ ಆಡಿದವಳು. ಅವನ ಆಟವನ್ನು ಐದು ನಿಮಿಷ ನೋಡಿ, ಸರ್ವಿಸಿಗೆ ಮುಂಚೆ ಚೆಂಡು ತೆರೆದ ಅಂಗೈ ಮೇಲೆ ಕೂತಿರಬೇಕು, ಅಲ್ಲಿಂದ ನೆಟ್ಟಗೆ ಮುಕ್ಕಾಲು ಗೇಣಾದರೂ ಮೇಲೇಳಬೇಕು ಎಂದು ವಿವರಿಸಿದಳು. ಅವನೋ ಎಡಗೈ ಮುಷ್ಟಿಯಿಂದ ಕದ್ದ ಮಾಲಿನಂತೆ ಚೆಂಡನ್ನು ಉದುರಿಸಿ ಹೊಡೆಯುತ್ತಿದ್ದ.

"ನಿಯಮ ಹಿಡದ್ರ ನಿಮ್ಮ ಒಂದೊಂದು ಸರ್ವಿಸೂ ಫೌಲ್ ನೋಡ್ರಿ, ಸರ್."

ಸಿಬ್ಬಂದಿ ಕೋಣೆಯ ಟೇಬಲ್ಲಿನಲ್ಲಿ ಏಳು ವರ್ಷದಿಂದ ಅವನ ಎದುರಾಳಿ ಒಬ್ಬನೇ, ಅಟೆಂಡರ್ ದೌಲಪ್ಪ. ಅವನನ್ನು ಸೋಲಿಸಿದ ದಿನ ರಘೂತ್ತಮನಿಗೆ ಹಿಂದಿರುಗುವ ಬಸ್ಸು ಹಾರಿದಂತೆ ಅನಿಸುತ್ತಿತ್ತು. ನಿನ್ನೆ, ಈ ನಿಯಮ ನಿನಗೆ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ದೌಲಪ್ಪ ಟೇಬಲ್ಲು ಒರೆಸುತ್ತ ಗೊತ್ತಿತ್ತು ಎಂದ. ಮತ್ತೆ ಯಾಕೆ ಹೇಳಲಿಲ್ಲ?

"ನೀವು ಖುಷೀಲೆ ಆಡ್ಲಕತ್ತಿದ್ರಿ, ಸರ್."

ಹಾಗಾದರೆ ಏಳು ವರ್ಷದ ಗೆಲುವೆಲ್ಲ ದಾನ. ಇವತ್ತು ಒಂದೇ ಒಂದು ಗೇಮನ್ನು ಸರಿಯಾದ ಸರ್ವಿಸಿನಿಂದ ಗೆಲ್ಲಬೇಕು. ಒಂದೇ ಒಂದು.

ಆ ಮುಷ್ಟಿ ಎಲ್ಲಿಂದ ಬಂತೆಂದು ಬಸ್ಸು ಮಹಾಗಾಂವ ದಾಟುವಾಗ ಹೊಳೆಯಿತು. ಪಂಕ್ತಿಯಲ್ಲಿ ಎಡಗೈ ಎಲೆಯ ಹತ್ತಿರ ಬಂದರೆ ತಾಯಿ ಸರಸ್ವತೀಬಾಯಿಯ ಕಣ್ಣೇ ಸಾಕಾಗುತ್ತಿತ್ತು. ಎಡಗೈಯಿಂದ ಕೊಡಬಾರದು, ತೆಗೆದುಕೊಳ್ಳಬಾರದು. ಹುಡುಗ ಅದನ್ನು ಮುಷ್ಟಿ ಕಟ್ಟಿ ತೊಡೆಯ ಮೇಲೆ ಅಡಗಿಸಿಟ್ಟು ಉಣ್ಣುತ್ತಿದ್ದ. ಊಟ ಮುಗಿದು ಎಲ್ಲರೂ ಎದ್ದು ಎಷ್ಟೋ ಕಾಲವಾಗಿತ್ತು. ಎಡಗೈ ಮಾತ್ರ ಇನ್ನೂ ಪಂಕ್ತಿಯಲ್ಲೇ ಕೂತಿತ್ತು.

ಚೆಂಡನ್ನು ಕಿಸೆಗೆ ಹಾಕಿ ಎಡ ಅಂಗೈಯನ್ನು ಮೊಣಕಾಲಿನ ಮೇಲೆ ಬಿಚ್ಚಿದ. ಇಲ್ಲದ ಚೆಂಡನ್ನು ಮೇಲೆ ಬಿಡುವುದು, ಹಿಡಿಯುವುದು. ಪಕ್ಕದ ಮುದುಕಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ಆ ಅಂಗೈಯಲ್ಲಿಟ್ಟಳು.

"ತಿನ್ನಪ್ಪಾ. ನಾಚಬ್ಯಾಡ."

ಅವನು ಗಡಬಡಿಸಿ ಕೈ ಮುಚ್ಚಿದ. ಹಣ್ಣು ಹಿಸುಕಿಹೋಯಿತು. ಕಮಲಾಪುರ ಬಂದದ್ದೇ ಓಡುವವನಂತೆ ಇಳಿದ. ಅವನ ಊಟದ ಡಬ್ಬಿ ಬಸ್ಸಿನೊಂದಿಗೆ ಹುಮನಾಬಾದಿನ ಕಡೆ ಹೋಯಿತು. ಅದನ್ನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಆಟ. ಮೊದಲ ಗೇಮ್ ಮೂರು-ಹನ್ನೊಂದು. ತೆರೆದ ಅಂಗೈಯಿಂದ ಚೆಂಡು ಒಮ್ಮೆ ಅವನ ಹೆಗಲಿಗೇ ಬಡಿಯಿತು, ಒಮ್ಮೆ ಫ್ಯಾನಿನ ಕಡೆ ಹಾರಿತು. ಫರೀದಾ ನಗು ತಡೆದುಕೊಂಡು ಹತ್ತಿರ ಬಂದಳು.

"ಎಸೀಬ್ಯಾಡ್ರಿ, ಸರ್. ಅದು ತಾನೇ ಏಳ್ತದ, ಬಿಡ್ರಿ."

ಬಿಟ್ಟ. ಚೆಂಡು ಎದ್ದಿತು, ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಇಳಿಯಿತು. ಎಡಗೈ ತೆರೆದೇ ಉಳಿದು ಪಕ್ಕಕ್ಕೆ ತೇಲಿತು. ಅದು ತೇಲಿದ್ದೇ ಮೈ ಹಗುರಾಯಿತು, ಪಾದಗಳು ಹೇಳದೆಯೇ ಸರಿದವು. ಇಷ್ಟು ದಿನ ಅರ್ಧ ಮೈಯಿಂದ ಆಡುತ್ತಿದ್ದೆ ಎಂದುಕೊಂಡ. ಪಾಯಿಂಟು ಹೋದಾಗಲೂ ನಕ್ಕ. ಬಿಡುವು ಮುಗಿಯದಿರಲಿ ಎಂದು ಪ್ರಾರ್ಥಿಸಿದ, ಶಾಲೆಯ ಹುಡುಗನ ಹಾಗೆ.

ಎರಡನೇ ಗೇಮ್ ಒಂಬತ್ತು-ಒಂಬತ್ತು. ಹತ್ತು-ಒಂಬತ್ತು. ಅಂಗೈ ಮೇಲೆ ಚೆಂಡು ಕೂತಿತು, ಎದ್ದಿತು. ಅವನು ಹೊಡೆದ. ದೌಲಪ್ಪ ತಿರುಗಿ ಕಳಿಸಿದ್ದು ನೆಟ್ಟಿಗೆ ತಾಗಿ ದೌಲಪ್ಪನ ಕಡೆಗೇ ಬಿತ್ತು. ಹನ್ನೊಂದು-ಒಂಬತ್ತು.

ಫರೀದಾ ಚಪ್ಪಾಳೆ ತಟ್ಟಿ ಕ್ಲಾಸಿಗೆ ಹೋದಳು. ರಘೂತ್ತಮನ ಎದೆ ಇನ್ನೂ ಕುಣಿಯುತ್ತಿತ್ತು. ಅಷ್ಟು ಸುಲಭದ ಚೆಂಡನ್ನು ದೌಲಪ್ಪ ನೆಟ್ಟಿಗೆ ಹಾಕಿದ್ದನ್ನು ಅವನು ಏಳು ವರ್ಷದಲ್ಲಿ ಎಷ್ಟು ಸಲ ನೋಡಿದ್ದಾನೆ? ಎದೆ ಒಂದು ಹೆಜ್ಜೆ ತಪ್ಪಿತು.

"ದೌಲಪ್ಪ, ಖರೇ ಹೇಳು. ಬಿಟ್ಟುಕೊಟ್ಟಿ?"

"ಊಟದ ಹೊತ್ತು ಮೀರ್ಲಕತ್ತದರಿ, ಸರ್."

"ಕೇಳಿದ್ದಕ್ಕ ಹೇಳು."

ದೌಲಪ್ಪ ಕಪಾಟಿನ ಮೇಲೆ ನೋಡಿದ. ರಘೂತ್ತಮನ ಡಬ್ಬಿ ದಿನಾ ಇರುತ್ತಿದ್ದ ಜಾಗ ಖಾಲಿಯಿತ್ತು. ಬೆಳಿಗ್ಗೆಯೇ ನೋಡಿರಬೇಕು. ಏಳು ವರ್ಷ ಇದೇ ಕೋಣೆಯಲ್ಲಿ, ಒಬ್ಬ ಕಿಟಕಿಗೆ ಇನ್ನೊಬ್ಬ ಗೋಡೆಗೆ ಮುಖ ಮಾಡಿ, ಇಬ್ಬರೂ ಉಂಡಿದ್ದರು. ಒಬ್ಬರ ಬುತ್ತಿಯಲ್ಲಿ ಏನಿದೆಯೆಂದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ದೌಲಪ್ಪ ಬಟ್ಟೆಯ ಗಂಟು ಬಿಚ್ಚಿದ. ಎರಡು ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ. ಒಂದನ್ನು ಪಲ್ಯದ ಸಮೇತ ನೆಟ್ಟಿನ ಮೇಲಿಂದ ಮುಂದೆ ಚಾಚಿದ.

ರಘೂತ್ತಮನ ಬಲಗೈಯಲ್ಲಿ ಬ್ಯಾಟಿತ್ತು. ಎಡಗೈ ತಾನಾಗಿಯೇ ಮುಂದೆ ಬಂದು ಅಂಗೈ ಬಿಚ್ಚಿತು. ಚೆಂಡು ಕೂರುವ ಜಾಗದಲ್ಲಿ ರೊಟ್ಟಿ ಕೂತಿತು, ಬೆಚ್ಚಗೆ. ಉಣ್ಣಬೇಕೆಂದರೆ ಬ್ಯಾಟು ಕೆಳಗಿಡಬೇಕು. ಅವನು ಬಲಗೈಯನ್ನು ನೋಡಿದ. ಅದು ಮುಷ್ಟಿ ಕಟ್ಟಿ ಕೂತಿತ್ತು. ರೊಟ್ಟಿ ಕೊಟ್ಟು ಬರಿದಾದ ಕೈಯನ್ನು ದೌಲಪ್ಪ ಇನ್ನೂ ಹಿಂತೆಗೆದಿರಲಿಲ್ಲ, ಬ್ಯಾಟು ಇಸಿದುಕೊಳ್ಳುವವನಂತೆ.