ಗಾದಿಲಿಂಗ ನಗುವ ಫೋಟೋ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ಫೋಟೋ ಅಂಟಿಸಿದವನು ಬಳ್ಳಾರಿಯ ಪಕ್ಕೀರಪ್ಪ ಇರಬಹುದು, ಆದರೆ ಬುದ್ಧಿ ಓಡಿಸಿದವನು ನಾನು. ಕುರುಗೋಡಿನಲ್ಲಿ ಇವತ್ತಿಗೂ ದರ್ಜಿ ಕೊಟ್ಟೂರಪ್ಪ ಅಂದರೆ ಸಾಕು, ಎದುರಿಗಿದ್ದವರು ಬಿದ್ದು ಬಿದ್ದು ನಗುತ್ತಾರೆ. ನನಗೇನೂ ಬೇಜಾರಿಲ್ಲ.

ಗಾದಿಲಿಂಗ ನಮ್ಮ ದೊಡ್ಡಪ್ಪನ ಒಬ್ಬನೇ ಮಗ. ಎಂಬತ್ತೇಳರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋದಾಗ ಅವನೂ ಹೋದ. ಹೋಗಿ ಎರಡು ತಿಂಗಳಾಗಿತ್ತು, ಜಾಫ್ನಾ ಹತ್ತಿರ ಗುಂಡು ತಗುಲಿತು. ಇಪ್ಪತ್ನಾಲ್ಕು ವರ್ಷದ ಹುಡುಗ. ನಮ್ಮಲ್ಲಿ ಹೂಳುವುದು ರೂಢಿ, ಅಲ್ಲಿ ಸುಟ್ಟು ಗಡಿಗೆಯಲ್ಲಿ ಬೂದಿ ಕಳಿಸಿದ್ದರು. ಆ ಗಡಿಗೆಯನ್ನೇ ಹೊಲದಲ್ಲಿ ಅವರಪ್ಪನ ಪಕ್ಕ ಹೂತೆವು. ನನಗೆ ಆಗ ಅಳು ಬರಲಿಲ್ಲ. ವಾರದ ಮೇಲೆ ಅಂಗಡಿಯ ಗಂಟಿನಲ್ಲಿ ಅವನ ರವಿಕೆ ಸಿಕ್ಕಿತು ನೋಡಿ, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ರವಿಕೆ ಅಂದರೆ ಗಾಬರಿಯಾಗಬೇಡಿ. ನಮ್ಮ ಬಯಲಾಟದ ಮೇಳದಲ್ಲಿ ರಾಣಿಯ ಪಾತ್ರ ಯಾವಾಗಲೂ ಅವನದೇ. ರಜೆಗೆ ಬಂದಾಗಲೂ ಬಿಟ್ಟವನಲ್ಲ. ಒಮ್ಮೆ ಸಿರುಗುಪ್ಪದಲ್ಲಿ ಆಟ ಮುಗಿದು ಬೆಳಗಾಗಿತ್ತು. ಬಣ್ಣ ತೊಳೆಯುವ ಮುಂಚೆ ಒಂದು ಫೋಟೋ ಇರಲಿ ಎಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆವು. ಅಷ್ಟರಲ್ಲಿ ಕರೂರಿನ ಒಬ್ಬ ಮುದುಕಿ ಬಂದು ಅವನ ಗಲ್ಲ ಹಿಡಿದಳು. "ಯಾರ ಮಗಳವ್ವಾ ನೀನು? ನನ್ನ ಮೊಮ್ಮಗಗ ಕೊಡ್ತಾರೇನು ಕೇಳು, ಎರಡೆಕರೆ ಗದ್ದಿ ಐತಿ" ಅಂದಳು. ಗಾದಿಲಿಂಗ ಹಲ್ಲೆಲ್ಲ ಬಿಟ್ಟು ನಕ್ಕ. ಫೋಟೋದವನು ಅದೇ ಗಳಿಗೆಗೆ ಗುಂಡಿ ಒತ್ತಿದ.

ಅವನು ತೀರಿಕೊಂಡ ಮರುವರ್ಷ ಆಗಸ್ಟ್ ಹದಿನೈದಕ್ಕೆ ಶಾಲೆಯ ಸಭಾಂಗಣದಲ್ಲಿ ಅವನ ಫೋಟೋ ಹಾಕುವುದೆಂದು ಕಮಿಟಿ ತೀರ್ಮಾನಿಸಿತು. ಅಧ್ಯಕ್ಷರು ಗವಿಸಿದ್ದಪ್ಪನವರು, ಕಾರ್ಯದರ್ಶಿ ನಾನು. ಸಮವಸ್ತ್ರದ ಫೋಟೋ ಇದ್ದದ್ದು ಒಂದೇ, ಅವನು ಮಿಲಿಟರಿ ಸೇರಿದ ವಾರದಲ್ಲಿ ತೆಗೆದದ್ದು. ತಲೆ ಬೋಳಿಸಿ ನಿಲ್ಲಿಸಿದ್ದಾರೆ, ಕೋಳಿ ಕದ್ದು ಸಿಕ್ಕಿಬಿದ್ದವನ ಮುಖ. ಅದನ್ನು ದೊಡ್ಡವ್ವ ವೀರಭದ್ರಮ್ಮನಿಗೆ ತೋರಿಸಿದೆ.

"ಇವನ್ಯಾರಲೇ?" ಅಂದಳು. "ನನ್ನ ಮಗ ನಗತಿದ್ದ. ನಾಳಿ ಸಾಲಿ ಮಕ್ಕಳಿಗೆಲ್ಲ ಗಾದಿಲಿಂಗ ಅಂದ್ರ ಇದೊಂದ ಮಾರಿ ಗೊತ್ತಿರತೈತಿ. ಇದನ್ನ ಹಾಕಿದ್ರ ನಾ ಆ ಕಡಿ ಕಾಲಿಡಾಂಗಿಲ್ಲ." ಎದ್ದು ಹೋಗಿ ಟ್ರಂಕಿನಿಂದ ಸಿರುಗುಪ್ಪದ ಫೋಟೋ ತಂದುಕೊಟ್ಟಳು. "ಹಾಕಿದ್ರ ಇದನ್ನ ಹಾಕ್ರಿ."

ಗವಿಸಿದ್ದಪ್ಪನವರು ಅದನ್ನು ನೋಡಿ ಹೌಹಾರಿದರು.

"ಮಿಲ್ಟ್ರಿ ಮನುಷ್ಯಾಗ ಸೀರಿ ಉಡಿಸಿ ಗ್ವಾಡಿಗೆ ಹಾಕತಿರೇನು? ಬಳ್ಳಾರಿಯಿಂದ ಆಫೀಸರು ಬರ್ತಾರ. ಮಂದಿ ನಗ್ತಾರಪ್ಪ!"

ಅವರ ಮಾತೂ ನನಗೆ ಸರಿಯೆನಿಸಿತು, ದೊಡ್ಡವ್ವನ ಮಾತೂ ಸರಿಯೆನಿಸಿತು. ಮಗ ಹೋದಾಗಿನಿಂದ ಆಕೆ ಹೊಸ್ತಿಲು ದಾಟಿರಲಿಲ್ಲ. ಮದುವೆ ಮುಂಜಿ ಏನೂ ಇಲ್ಲ, ಯಾರಾದರೂ ಕರೆಯಲು ಹೋದರೆ ಒಳಗೆ ಹೋಗಿ ಕೂತುಬಿಡುತ್ತಿದ್ದಳು. ಈ ಒಂದು ನೆಪದಲ್ಲಾದರೂ ಆಕೆ ಹೊರಗೆ ಬರಲಿ ಎಂದು ನನ್ನ ಆಸೆ. ನಗುವ ಮುಖವನ್ನೇ ಹಾಕಿಸುತ್ತೇನೆ ಎಂದು ಆಕೆಗೆ ಮಾತು ಕೊಟ್ಟೆ. ಸಮವಸ್ತ್ರವೇ ಇರುತ್ತದೆ ಎಂದು ಗವಿಸಿದ್ದಪ್ಪನವರಿಗೂ ಮಾತು ಕೊಟ್ಟೆ.

ಮರುದಿನವೇ ಬಳ್ಳಾರಿ ಬಸ್ಸು ಹತ್ತಿದೆ. ಸತ್ಯನಾರಾಯಣಪೇಟೆಯ ಪಕ್ಕೀರಪ್ಪ ಒಬ್ಬರ ತಲೆ ಇನ್ನೊಬ್ಬರ ಮೈಗೆ ಅಂಟಿಸುವುದರಲ್ಲಿ ಎತ್ತಿದ ಕೈ. ಕೋಟು ಕಾಣದೆ ಸತ್ತ ಎಷ್ಟೋ ಹಿರಿಯರು ಅವನ ದೆಸೆಯಿಂದ ಕೋಟು ತೊಟ್ಟು ಗೋಡೆಯ ಮೇಲೆ ಕೂತಿದ್ದಾರೆ.

"ತಲಿ ಐತಿ. ಮೈ ಎಲ್ಲೈತ್ರಿ?" ಅಂದ. "ಮಿಲ್ಟ್ರಿ ಡ್ರೆಸ್ ಹಾಕ್ಕೊಂಡು ಯಾರರ ನಿಂದ್ರಬೇಕು."

ಡ್ರೆಸ್ಸಿಗೇನು ಕೊರತೆ, ನಾನು ದರ್ಜಿ. ಹಸಿರು ಬಟ್ಟೆ ತಂದು ಎರಡೇ ದಿನದಲ್ಲಿ ಹೊಲಿದೆ. ಭುಜಪಟ್ಟಿ, ಮುಚ್ಚಳದ ಜೇಬು, ಕಾಲರು, ಒಂದಕ್ಕೂ ಹೆಸರಿಡುವ ಹಾಗಿರಲಿಲ್ಲ. ಗಾದಿಲಿಂಗನ ಅಳತೆ ನನ್ನ ಪುಸ್ತಕದಲ್ಲೇ ಇತ್ತು. ಆದರೆ ತೊಟ್ಟು ನಿಲ್ಲುವವನು ನಾನಲ್ಲವೇ? ನನ್ನ ಅಳತೆಗೇ ಹೊಲಿದುಕೊಂಡೆ. ಅದರಲ್ಲಿ ಎಡವಟ್ಟೇನಾದರೂ ಇದೆ ಎಂದು ದೇವರಾಣೆಗೂ ನನ್ನ ತಲೆಗೆ ಹೊಳೆಯಲಿಲ್ಲ. ಮತ್ತೆ ಬಳ್ಳಾರಿಗೆ ಹೋಗಿ, ಉಸಿರು ಬಿಗಿಹಿಡಿದು ಫೋಟೋಕ್ಕೆ ನಿಂತೆ.

ಫೋಟೋ ಬಂದದ್ದು ಕಾರ್ಯಕ್ರಮದ ಹಿಂದಿನ ದಿನ ಸಂಜೆ, ಕೊನೆಯ ಬಸ್ಸಿಗೆ. ಬಿಚ್ಚಿ ನೋಡಿದೆ. ದರ್ಜಿಯ ಕಣ್ಣು ಮೊದಲು ಹೊಲಿಗೆಯ ಮೇಲೇ ಹೋಗುತ್ತದೆ. ಕಾಲರು ಎಷ್ಟು ಚೆನ್ನಾಗಿ ಕೂತಿದೆ ಎಂದು ಹೆಮ್ಮೆಯಾಯಿತು. ಮುಖದಲ್ಲಿ ನಗು ಇತ್ತು. ಇನ್ನೇನು ಬೇಕು ಎಂದು ಮತ್ತೆ ಸುತ್ತಿಟ್ಟೆ.

ಮರುದಿನ ಸಭಾಂಗಣ ತುಂಬಿತ್ತು. ದೊಡ್ಡವ್ವ ಬಂದಿದ್ದಳು! ಇಳಕಲ್ ಸೀರೆ ಉಟ್ಟು, ಹೆಂಗಸರ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗವಿಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡು, ವೀರಯೋಧ ಅದು ಇದು ಎಂದು ಕಾಲು ಗಂಟೆ ಮಾತಾಡಿ ಪರದೆ ಎಳೆದರು.

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಅಷ್ಟೇ, ಇಡೀ ಸಭೆ ಘೊಳ್ಳೆಂದಿತು. ಆಗ ನಾನೂ ಮೊದಲ ಸಲ ಎಂಬಂತೆ ನೋಡಿದೆ. ಪಕ್ಕೀರಪ್ಪ ಮೂಗಿನ ನತ್ತು ಅಳಿಸಿದ್ದ, ಹಣೆಯ ಬೊಟ್ಟು ಅಳಿಸಿದ್ದ. ಕಣ್ಣಿನ ಕಾಡಿಗೆ ಹಾಗೇ ಇತ್ತು. ಮಿಲಿಟರಿಯವನೆಂದ ಮೇಲೆ ಇರಲಿ ಎಂದು ತನ್ನ ಕಡೆಯಿಂದ ಒಂದು ಮೀಸೆ ಬರೆದಿದ್ದ. ಆ ಕಾಡಿಗೆ ಮೀಸೆಗಳ ಕೆಳಗೆ, ಬೆಲ್ಟಿನ ಮೇಲೆ ಕುಂಬಳಕಾಯಿಯ ಹಾಗೆ ನನ್ನ ಹೊಟ್ಟೆ ಕೂತಿತ್ತು. ಊರಿನಲ್ಲಿ ಆ ಹೊಟ್ಟೆಯ ಗುರುತು ಇಲ್ಲದವರು ಯಾರೂ ಇರಲಿಲ್ಲ. "ಕೊಟ್ಟೂರಪ್ಪ ಯಾವಾಗ ಮಿಲ್ಟ್ರಿ ಸೇರಿದ್ನಪ್ಪೋ!" ಎಂದು ಯಾರೋ ಕೂಗಿದರು. ಆಫೀಸರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು.

ನಾಚಿಕೆಯಿಂದ ಸತ್ತೇಹೋದೆ. ಮಗನ ಹೆಸರಿನಲ್ಲಿ ಆ ತಾಯಿಯನ್ನು ಊರೆದುರಿಗೆ ನಗೆಪಾಟಲು ಮಾಡಿಬಿಟ್ಟೆನಲ್ಲ!

ದೊಡ್ಡವ್ವ ಎದ್ದಳು. ನೇರ ಫೋಟೋದ ಹತ್ತಿರ ಹೋಗಿ, ತಲೆಯೆತ್ತಿ ಬಹಳ ಹೊತ್ತು ನೋಡಿದಳು. ಗಾಜಿನ ಮೇಲೆ, ಆ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಕೊಟ್ಟೂರ, ಬಾಲೇ ಇಲ್ಲಿ. ಇದು ನಿನ್ನ ಹೊಟ್ಟಿ ಅಲ್ಲೇನಲೇ?"

"ಹೌದು ದೊಡ್ಡವ್ವ. ತಪ್ಪಾತು."

"ನಿನಗೀಗ ಎಷ್ಟು ವರ್ಸ?"

"ಮೂವತ್ತಾರು."

ಆಕೆಯ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಅವನು ಇಪ್ಪತ್ನಾಕಕ್ಕ ಹೋದ. ಇದ್ದಿದ್ರ ಮುಂದ ಹೆಂಗ ಕಾಣತಿದ್ದ ಅಂತ ದಿನಾ ನೆನಸ್ತೀನಿ, ಕಣ್ಣಿಗೆ ಕಟ್ಟಾಂಗಿಲ್ಲ. ಪಿಂಚಣಿ ತಗೊಂಡು ಬಂದು, ಮನ್ಯಾಗ ಕುಂತು ರೊಟ್ಟಿ ತಿಂದು, ಅವಗೂ ಇಂಥದ ಹೊಟ್ಟಿ ಬರ್ತಿತ್ತು. ಮೀಸಿನೂ ಬಿಡತಿದ್ದ. ಇವತ್ತು ನೋಡಿದ್ನಲ್ಲೋ!"

ಹಾಗಂದು ಆಕೆ ಗವಿಸಿದ್ದಪ್ಪನವರ ಕಡೆ ತಿರುಗಿದಳು.

"ಇದು ನನಗ ಬೇಕ್ರಿ, ಮನಿಗೆ ಒಯ್ತೀನಿ. ಸಾಲಿಗೆ ಆ ಸೀರಿದನ್ನ ಹಾಕ್ರಿ. ಮಂದಿ ನಗಲಿ ಬಿಡ್ರಿ."

ಗವಿಸಿದ್ದಪ್ಪನವರು ಹೂಂ ಎಂದು ತಲೆಯಾಡಿಸಿದರು. ನಾನು ಬೆಂಚು ಹತ್ತಿ ಮೊಳೆಯಿಂದ ಫೋಟೋ ಇಳಿಸಿ ಕೊಟ್ಟೆ. ದೊಡ್ಡವ್ವ ಸೆರಗಿನಿಂದ ಗಾಜು ಒರೆಸಿ, ಮೂವತ್ತಾರು ವರ್ಷದ ಮಗನನ್ನು ಎರಡೂ ಕೈಯಲ್ಲಿ ಅವಚಿಕೊಂಡು ಮನೆಯ ಕಡೆ ನಡೆದಳು.