ಏರಿಯ ಮೇಲಿನ ಚುಕ್ಕಿ

ಚಂದನ ಎರಡನೇ ಚೊಂಬು ನೀರು ಹೊಯ್ದಾಗ ಅಂಜಿನಮ್ಮಜ್ಜಿಯ ತಲೆ ಪಕ್ಕಕ್ಕೆ ವಾಲಿತು. ನೆರೆಮನೆಯ ಪಾಪಕ್ಕ ಅದನ್ನು ತನ್ನ ಭುಜಕ್ಕೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ ಬೆನ್ನಿಗೆ ಸೀಗೇಪುಡಿ ಉಜ್ಜಿದಳು.

"ಎಷ್ಟ್ ಕೂಸಿಗೆ ಮೊದಲ್ನೇ ನೀರು ಹೊಯ್ದೋಳು ಇವ್ಳು. ಇವತ್ತು ಇವ್ಳಿಗೆ ಹೊಯ್ಯಾಕೆ ನಾವಿಬ್ರೇ."

ಮಾತು ನಿಜವಾಗಿತ್ತು. ತೂಬಗೆರೆಯಿಂದ ಒಳಗಿದ್ದ ಆ ಹಳ್ಳಿಯಲ್ಲಿ ಮೂವತ್ತು ದಾಟಿದವರಲ್ಲಿ ಅರ್ಧದಷ್ಟು ಜನ ಅಜ್ಜಿಯ ಕೈಗೇ ಬಿದ್ದು ಭೂಮಿಗೆ ಬಂದವರು. ಆದರೆ ಅವತ್ತು ಮಂಗಳವಾರ. ಅವರಲ್ಲಿ ಕೆಲವರು ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿದ್ದರು, ಕೆಲವರು ರಾತ್ರಿ ಪಾಳಿ ಮುಗಿಸಿ ಮಲಗಿದ್ದರು. ಜಗಲಿಯ ಮೇಲೆ ಕೂತಿದ್ದ ಗಂಡಸರು ಏಳೆಂಟು ಮಂದಿ. ಕಾರ್ಯಕ್ಕೆ ನಿಂತವನು ಅಜ್ಜಿಯ ಮೈದುನನ ಮಗ ಕಾಂತರಾಜು. ಆಸ್ಪತ್ರೆಗೆ ಓಡಾಡಿದ ದಿನಗಳಲ್ಲೇ ಅವನ ರಜೆಯೆಲ್ಲ ಮುಗಿದಿತ್ತು. ಒಂದೂವರೆಗೆ ಎರಡನೇ ಪಾಳಿಯ ಬಸ್ಸು. ಅಷ್ಟರೊಳಗೆ ಮಣ್ಣು ಮಾಡಿ ಮುಗಿಸಬೇಕೆಂದು ಎರಡು ಸಲ ಹೇಳಿದ್ದ.

ಚಂದನಳಿಗೆ ಒಂದೇ ಚಿಂತೆ. ಸ್ಮಶಾನಕ್ಕೆ ಹೋಗುವಾಗ ಚಟ್ಟವನ್ನು ನಡುದಾರಿಯಲ್ಲಿ ಒಂದು ಸಲ ಇಳಿಸಿ, ತಲೆಯ ದಿಕ್ಕು ಬದಲಿಸಿ ಎತ್ತುವುದು ಊರಿನ ಪದ್ಧತಿ. ಮೂರು ದಾರಿ ಕೂಡುವಲ್ಲಿರುವ ಕಲ್ಲಿನ ಬಳಿಯೇ ಎಲ್ಲರನ್ನೂ ಇಳಿಸಿದ್ದು. ತನ್ನನ್ನು ಮಾತ್ರ ಕೆರೆ ಏರಿಯ ಹೊಂಗೆ ಮರದ ಕೆಳಗೆ ಇಳಿಸಬೇಕೆಂದು ಅಜ್ಜಿ ಹೇಳಿದ್ದಳು. ಹೇಳಿದ್ದು ಚಂದನಳಿಗೊಬ್ಬಳಿಗೇ. ಚಂದನ ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಗಂಡಸರ ಎದುರು ನಿಂತು ಅವಳು ಮಾತಾಡಿದ್ದೇ ಇಲ್ಲ.

*

ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ವಿಶ್ವವಿದ್ಯಾಲಯದಿಂದ ವಾಣಿಶ್ರೀ ಮೇಡಂ ಬಂದಿದ್ದರು. ನೋವು ಕಾಣಿಸಿಕೊಂಡ ಹೆಂಗಸಿಗೆ ಆಸ್ಪತ್ರೆ ಎಷ್ಟು ದೂರ ಎನ್ನುವುದು ಅವರ ಸಂಶೋಧನೆ. ಉಪಗ್ರಹ ಮೇಲಿನಿಂದ ತೆಗೆದ ಚಿತ್ರದಲ್ಲಿ ಪ್ರತಿ ಮನೆಯಿಂದ ದಾರಿ ಅಳೆಯಬೇಕಿತ್ತು. ಅಂಜಿನಮ್ಮನಿಗೆ ಸುತ್ತಲಿನ ಊರುಗಳ ಬಾಣಂತಿ ಮನೆಗಳೆಲ್ಲ ಗೊತ್ತು, ಅಕ್ಷರ ಗೊತ್ತಿಲ್ಲ. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ಚಂದನಳಿಗೆ ಬರೆಯಲು ಬರುತ್ತದೆ, ಬಾಯಿ ಬರುವುದಿಲ್ಲ. ಇಬ್ಬರೂ ಸೇರಿದರೆ ಒಂದು ಆಳಾಯಿತು ಎಂದು ಮೇಡಂ ನಕ್ಕು ಇಬ್ಬರನ್ನೂ ಸೇರಿಸಿಕೊಂಡರು.

ಈಚಿನ ಐದು ವರ್ಷದಲ್ಲಿ ಮಗು ಹುಟ್ಟಿದ ಮನೆಯ ಅಂಗಳದಲ್ಲಿ, ಬಿಸಿಲು ಬೀಳುವ ಕಡೆ, ಮೇಡಂ ಕೊಟ್ಟ ಪುಟ್ಟ ಜಿಪಿಎಸ್ ಯಂತ್ರ ಹಿಡಿದು ಅಲುಗಾಡದೆ ನಿಲ್ಲಬೇಕು. ಇಪ್ಪತ್ತು ಎಣಿಸುವಷ್ಟರಲ್ಲಿ ಅದಕ್ಕೆ ಉಪಗ್ರಹ ಸಿಗುತ್ತದೆ. ಆಗ ಗುಂಡಿ ಒತ್ತಿದರೆ ನಕಾಶೆಯಲ್ಲಿ ಚುಕ್ಕಿ ಬೀಳುತ್ತದೆ. ಹಿಡಿಯುವ ಕೆಲಸ ಅಜ್ಜಿಯದು. ಆಗತಾನೆ ಹುಟ್ಟಿದ ಕೂಸನ್ನು ಎತ್ತಿಕೊಂಡ ಹಾಗೆ ಎರಡೂ ಅಂಗೈ ಜೋಡಿಸಿ ಹಿಡಿಯುತ್ತಿದ್ದಳು.

ತಿಂಗಳಾಗುವಷ್ಟರಲ್ಲಿ ಅಜ್ಜಿಯೇ ಒಂದು ತಪ್ಪು ಹಿಡಿದಳು. ಮೇಡಂ ಪಟ್ಟಿಯಲ್ಲಿದ್ದುದೆಲ್ಲ ಗಂಡನ ಮನೆಗಳು.

"ಚೊಚ್ಚಲ ಹೆರಿಗೇನ ಅತ್ತೆ ಮನೇಲಿ ಯಾರ್ ಮಾಡ್ಕೊಂತಾರೆ ಮೇಡಂ? ಎಲ್ರೂ ತವರಿಗೆ ಹೋಗ್ತಾರೆ. ನೋವೇ ಇಲ್ದಿದ್ ಮನೆಯಿಂದ ದಾರಿ ಅಳ್ದಿದ್ದೀರಲ್ಲ ನೀವು."

ಮೇಡಂ ತಲೆಗೆ ಕೈ ಕೊಟ್ಟು ಕೂತರು. ತಿಂಗಳ ಕೆಲಸ ಮತ್ತೆ ಮೊದಲಿನಿಂದ ಆಯಿತು. ನೋವು ಬಂದಾಗ ಎಲ್ಲಿದ್ದಿರಿ, ಹೆರಿಗೆ ಎಲ್ಲಾಯಿತು ಎಂಬ ಪ್ರಶ್ನೆಗಳು ಸೇರಿದವು. ಉತ್ತರಕ್ಕೆ ಮನೆ, ಆಸ್ಪತ್ರೆ ಎಂದು ಎರಡೇ ಚೌಕಗಳಿದ್ದವು. ದಾರಿಯಲ್ಲಿ ಎಂಬ ಮೂರನೆಯದನ್ನು ಅಜ್ಜಿ ಹಟ ಹಿಡಿದು ಹಾಕಿಸಿದಳು.

ಯಾಕೆಂದು ತಿಳಿದದ್ದು ಒಂದು ಸಂಜೆ. ಕೆಲಸ ಮುಗಿದ ಮೇಲೆ ಅವಳು ಚಂದನಳನ್ನು ಏರಿಯ ಮೇಲೆ ಕರೆದುಕೊಂಡು ಹೋದಳು. ನಲವತ್ತಾರು ವರ್ಷದ ಹಿಂದಿನ, ಅಜ್ಜಿಯ ಚೊಚ್ಚಲ ಬಸಿರಿನ ಮಾತು. ಏಳನೇ ತಿಂಗಳಿಗೆ ತವರಿಗೆ ಕಳಿಸಬೇಕಿತ್ತು. ರಾಗಿ ಕೊಯ್ಲು ಮುಗಿಯಲಿ ಎಂದು ಅತ್ತೆ ಒಂಬತ್ತರವರೆಗೂ ಇಟ್ಟುಕೊಂಡಳು. ಗಾಡಿ ಹೊಂಗೆ ಮರದ ಹತ್ತಿರ ಬಂದಾಗ ನಿಲ್ಲಬೇಕಾಯಿತು. ಗಂಡು ಮಗು. ಎರಡು ಸಲ ಅತ್ತಿತ್ತು, ಅಷ್ಟೇ. ಅದನ್ನು ಅಲ್ಲೇ ಬೇರಿನ ಪಕ್ಕ ಮುಚ್ಚಿ, ಗಂಡ ಗಾಡಿಯನ್ನು ತವರಿಗೆ ಹೊಡೆದಿದ್ದ.

"ಬರ್ಕೊ ಮಗಾ. ದಾರಿಯಲ್ಲಿ ಅಂತ ಬರಿ."

ಮರದ ನೆರಳಿಗೆ ಉಪಗ್ರಹ ಸಿಗಲೇ ಇಲ್ಲ. ಅಜ್ಜಿ ಕೈಗಳೆರಡನ್ನೂ ಕೊಂಬೆಯಾಚೆ ಬಿಸಿಲಿಗೆ ಚಾಚಿ, ಅಲುಗಾಡದೆ ನಿಂತಳು. ಚುಕ್ಕಿ ಬಿತ್ತು.

ಎರಡು ದಿನಕ್ಕೆ ಮೇಡಂ ಫೋನು ಬಂತು. ಏರಿಯ ಮೇಲೆ ಒಂದು ಚುಕ್ಕಿ ಇದೆಯಲ್ಲ, ಉಪಗ್ರಹದ ಚಿತ್ರದಲ್ಲಿ ಅಲ್ಲಿ ಮನೆಯೇ ಇಲ್ಲ, ಬರೀ ಮರ, ಏನದು ಎಂದು ಕೇಳಿದರು. ಚಂದನ ಯಂತ್ರ ತೆಗೆದು ಆ ಚುಕ್ಕಿಯನ್ನು ನೋಡಿದಳು. ತಪ್ಪಿ ಒತ್ತಿರಬೇಕು, ಅಳಿಸಿಬಿಡು ಎಂದು ಅವರೇ ಹೇಳಿದರು. ಅವಳು ಅಳಿಸಿದಳು. ಒಂದು ಬೆರಳು ಸಾಕಾಯಿತು.

ಆಮೇಲೆ ಅಜ್ಜಿ ಆಗಾಗ ಕೇಳುವಳು. "ಮ್ಯಾಲಿಂದ ಕಾಣ್ತಾನೇನೇ ನನ್ ಮಗ?"

"ಕಾಣ್ತಾನೆ ಅಜ್ಜಿ."

ಸಂಶೋಧನೆ ಮುಗಿದು ಯಂತ್ರ ಬೆಂಗಳೂರಿಗೆ ವಾಪಸು ಹೋದರೂ ಆ ಪ್ರಶ್ನೆ ನಿಲ್ಲಲಿಲ್ಲ. ಹೋದ ವಾರ ಹಾಸಿಗೆಯಲ್ಲೂ ಕೇಳಿದಳು. ಕಾಣ್ತಾನೆ ಎಂದಾಗ, ತನ್ನನ್ನು ಅವನ ಪಕ್ಕ ಒಂದು ಗಳಿಗೆ ಇಳಿಸಲು ಹೇಳು ಎಂದಳು.

*

ತಮಟೆಯವನು ಒಬ್ಬನೇ ಇದ್ದ. ಕಾಂತರಾಜು ಧೂಪ ಹಿಡಿದು ಮುಂದೆ, ನಾಲ್ವರ ಹೆಗಲ ಮೇಲೆ ಅಜ್ಜಿ, ಹಿಂದೆ ಪುರಿ ಎರಚುತ್ತ ಐದು ಜನ ಹೆಂಗಸರು. ಮೂರು ದಾರಿಯ ಕಲ್ಲು ಬಂತು.

"ಇಳಿಸ್ರಪ್ಪಾ" ಎಂದ ಕಾಂತರಾಜು.

ಇಲ್ಲಿ ಬ್ಯಾಡ ಎಂದು ಚಂದನ ಹೇಳಿದ್ದು ತಮಟೆಯಲ್ಲಿ ಮುಳುಗಿತು. ಅವಳು ಹೆಂಗಸರನ್ನು ದಾಟಿ, ಚಟ್ಟವನ್ನೂ ದಾಟಿ, ದಾರಿಗೆ ಅಡ್ಡ ನಿಂತಳು. ತಮಟೆ ನಿಂತಿತು.

"ಇಲ್ಲಿ ಬ್ಯಾಡಣ್ಣ. ಏರಿ ಮ್ಯಾಲೆ, ಹೊಂಗೆ ಮರದ ತಾವ ಇಳಿಸ್ಬೇಕಂತೆ. ಅಜ್ಜಿ ಹೇಳಿದ್ರು."

"ಸರ್ವೆ ಇನ್ನೂ ಮುಗೀಲಿಲ್ವೇನವ್ವಾ?" ಎಂದ ಹೆಗಲು ಕೊಟ್ಟವರಲ್ಲೊಬ್ಬ. ಯಾರೋ ನಕ್ಕರು. ಏರಿ ಸುತ್ತಿ ಹೋದರೆ ಅರ್ಧ ಗಂಟೆ ತಡ, ಬಸ್ಸು ತಪ್ಪುತ್ತದೆ ಎಂದು ಕಾಂತರಾಜು ಮೊಬೈಲು ನೋಡಿಕೊಂಡ.

ಚಂದನ ನೆಲ ನೋಡುತ್ತಲೇ ಹೇಳಿದಳು. "ಅಜ್ಜಿ ಮಗ ಅಲ್ಲೇ ಅವ್ನೆ ಅಣ್ಣ. ಗಾಡೀಲಿ ತವರಿಗೆ ಹೋಗ್ತಾ ಅಲ್ಲೇ ಹುಟ್ಟಿ, ಅಲ್ಲೇ ಹೋದ. ಅಲ್ಲೇ ಮುಚ್ಚವ್ರೆ. ನಕಾಶೇಲಿ ಇದ್ದ. ನಾನೇ ಅಳಿಸ್ಬಿಟ್ಟೆ."

ಕೊನೆಯ ಮಾತು ಯಾರಿಗೂ ಅರ್ಥವಾಗಲಿಲ್ಲ. ಉಳಿದದ್ದು ಆಯಿತು.

"ತವರಲ್ಲಿ ಹೋಯ್ತು ಅಂತಲ್ವಾ ನಾವೆಲ್ಲ ಅಂದ್ಕೊಂಡಿದ್ದು" ಎಂದಳು ಪಾಪಕ್ಕ. "ದಿನಾ ಒಂದೇ ಜಗಲೀಲಿ ಎಲೆ ಅಡಿಕೆ ಹಾಕ್ಕೊಂತಿದ್ವಿ. ನಂಗೂ ಹೇಳ್ಲಿಲ್ಲ ನೋಡು."

ಕಾಂತರಾಜು ಮೊಬೈಲನ್ನು ಜೇಬಿಗೆ ಹಾಕಿ, ಧೂಪವನ್ನು ಇನ್ನೊಂದು ಕೈಗೆ ಬದಲಿಸಿ, ಏರಿಯ ಕಡೆ ತಿರುಗಿದ.

ಹೊಂಗೆ ಹೂ ಉದುರಿ ನೆಲ ಬೆಳ್ಳಗಾಗಿತ್ತು. ಚಟ್ಟ ಇಳಿಸಿದರು. ಕಾಂತರಾಜು ಒಂದು ಹಿಡಿ ಪುರಿ ತೆಗೆದು ಬೇರಿನ ಪಕ್ಕ ಹಾಕಿದ. ಅವನ ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ತಲೆಯ ದಿಕ್ಕು ಬದಲಿಸಿ ಮತ್ತೆ ಎತ್ತಿಕೊಂಡರು. ಅಲ್ಲಿಂದ ಮುಂದೆ ಗಂಡಸರಷ್ಟೇ. ಹೆಂಗಸರು ಬಂದ ದಾರಿಯಲ್ಲಿ ಹಿಂತಿರುಗಿದರು. ಪಾಪಕ್ಕ ಚಂದನಳನ್ನು ಒಂದು ಸಲ ಕರೆದು, ಆಮೇಲೆ ಕರೆಯಲಿಲ್ಲ.

ಉದುರಿದ ಹೂವಿನ ಮೇಲೆ ಚಟ್ಟದ ಬಿದಿರು ಒತ್ತಿದ ಎರಡು ಉದ್ದ ಗೆರೆ ಉಳಿದಿದ್ದವು. ಚಂದನ ಆ ಗೆರೆಗಳ ನಡುವೆ ಹೋಗಿ ನಿಂತಳು. ಅಂಗೈಗಳೆರಡನ್ನೂ ಜೋಡಿಸಿ, ಕೊಂಬೆಯಾಚೆಯ ಬಿಸಿಲಿಗೆ ಚಾಚಿದಳು. ಕೈಯಲ್ಲಿ ಏನೂ ಇರಲಿಲ್ಲ. ತಮಟೆಯ ಸದ್ದು ದೂರವಾಗುತ್ತಿತ್ತು. ಅವಳು ಅಲುಗಾಡದೆ, ತುಟಿಯೊಳಗೇ, ಒಂದರಿಂದ ಎಣಿಸತೊಡಗಿದಳು.