ಮುತ್ತಣ್ಣನ ತಲೆ ಯಾಕೆ ವಾಲಿತು

ಮುತ್ತಣ್ಣನ ತಲೆ ಮತ್ತೊಮ್ಮೆ ಎಡಕ್ಕೆ ವಾಲಿತು. ಹೊಳೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂದಿಯನ್ನು ಸರಿಸುತ್ತ ಮುಂದೆ ಬಂದವಳೇ, ಗಂಡನ ಹೆಣ ಕೂಡಿಸಿದ್ದ ಬಿದಿರಿನ ವಿಮಾನದ ಗಳ ಹಿಡಿದು ನಿಲ್ಲಿಸಿಬಿಟ್ಟಳು.

"ನಿಂದರ್ರಿ."

ಹೊತ್ತವರು ನಿಂತರು. ಮುಂದಿದ್ದ ಹಲಗೆಯವರು ಬಾರಿಸುತ್ತಲೇ ಇದ್ದರು. ಹಿಂದಿದ್ದ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಭಜನೆಯೂ ನಡೆದೇ ಇತ್ತು.

"ಏನಾತ ತಂಗಿ?" ಎಂದ ನೀಲಪ್ಪ. ಅವನು ಸತ್ತವನ ದೊಡ್ಡಪ್ಪನ ಮಗ. ಶಿರೋಳದಲ್ಲಿ ಯಾರೇ ಸತ್ತರೂ ಯಾರೂ ಕರೆಯದೆ ಬಂದು ಯಜಮಾನಿಕೆ ಮಾಡುವವನು.

"ನಿಮ್ಮ ತಮ್ಮ ಹೊಯ್ದಾಡಾಕ ಹತ್ಯಾನ, ಭಾವಾ. ಕಾಣವಲ್ದೇನು?"

"ಹಾದಿ ಕೆಟ್ಟೈತಿ, ಹೊಯ್ದಾಡತಾನ. ಒಂದು ಟಾವೆಲ್ ತಗೊಂಡು ಕುತಗಿ ಹಿಂದಿನ ಗಳಕ್ಕ ಬಿಗದರಾತು."

"ಕಟ್ಟಿ ಒಯ್ಯಾಕ ಅವರೇನು ಕುರಿ ಕದ್ದಾರ?"

"ಹಂಗಾರ ಟ್ರ್ಯಾಕ್ಟರ್‌ದಾಗ ಕೂಡಸೋಣು."

"ಆ ಟ್ರ್ಯಾಕ್ಟರ್‌ದಾಗ ಬದುಕಿದ್ದಾವರ ತಲಿ ನಿಂದರಂಗಿಲ್ಲ."

ಹಿಂದಿನ ಗಳಕ್ಕೆ ಹೆಗಲು ಕೊಟ್ಟವರೆಲ್ಲ ಜಕ್ಕಲಿಯವರು, ಹೊಳೆವ್ವನ ತವರಿನ ಮಂದಿ. ಅವಳ ತಮ್ಮ ದೇವಪ್ಪ ಅವರ ಪರ ವಹಿಸಿ ಟ್ರ್ಯಾಕ್ಟರಿನಿಂದ ಮೈಕಿನಲ್ಲೇ ಹೇಳಿದ: "ನಮ್ಮ ಜಕ್ಕಲ್ಯಾಗ ಹಾದಿ ಹಿಂಗಿಲ್ಲ ಬಿಡ್ರಿ."

"ಹಾದಿ ಅಲ್ಲೋ, ನಿಮ್ಮ ಮಂದಿ ಗಿಡ್ಡ ಅದಾರ," ಎಂದು ಮುಂದಿನ ಗಳ ಹೊತ್ತ ಶಿರೋಳದವನೊಬ್ಬ ತಿರುಗಿ ಹೇಳಿದ. ಅಲ್ಲಿಗೆ ಸಾವು ಹಿಂದೆ ಬಿದ್ದು ಎರಡು ಊರಿನ ಜಗಳ ಮುಂದೆ ಬಂತು.

ಹೊಳೆವ್ವನಿಗೆ ಯಾವ ಊರಿನ ಮಾನವೂ ಬೇಕಿರಲಿಲ್ಲ. ಅವಳು ಮಾತು ಕೊಟ್ಟಿದ್ದಳು. ದವಾಖಾನಿಯ ಮಂಚದ ಮೇಲೆ ಮುತ್ತಣ್ಣ ಅವಳ ಕೈ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು: "ಜೀವಮಾನ ಎಲ್ಲಾ ಹೊಯ್ದಾಡಿಕೋತ ಬಂದೇನಿ ಹೊಳಿ. ಒಯ್ಯೂ ಮುಂದರ ಅಲುಗಾಡದಂಗ ಒಯ್ರಿ." ಆಸ್ತಿ ಹೇಳಲಿಲ್ಲ, ಮಕ್ಕಳ ಮಾತು ಎತ್ತಲಿಲ್ಲ. ಇದೊಂದು ಕೇಳಿ ಕಣ್ಣು ಮುಚ್ಚಿದ. ಇದೊಂದು ಆಗುವ ತನಕ ಅಳುವುದಿಲ್ಲವೆಂದು ಅವಳು ಬೆಳಗಿನಿಂದ ಹಲ್ಲು ಕಚ್ಚಿಕೊಂಡಿದ್ದಳು. ಓಣಿಯ ಹೆಂಗಸರು ಅದನ್ನೂ ಗಮನಿಸಿ ಪಿಸುಗುಟ್ಟುತ್ತಿದ್ದರು.

* * *

ಮುತ್ತಣ್ಣ ಕೆಲಸ ಮಾಡಿದ್ದು ಕಾರವಾರದ ಕಡೆ, ಸಮುದ್ರ ಅಳೆಯುವ ಹಡಗಿನಲ್ಲಿ. ಹಡಗಿನ ಅಡಿಯಿಂದ ಶಬ್ದ ಬಿಟ್ಟು, ಅದು ತಳಕ್ಕೆ ಬಡಿದು ತಿರುಗಿ ಬರುವುದನ್ನು ಹಿಡಿದು ನೀರಿನಡಿಯ ನೆಲದ ನಕಾಶೆ ತೆಗೆಯುವುದು. ಊರಿನವರು ಅವನಿಗೆ ಸಮುದ್ರದ ತಲಾಠಿ ಎಂದು ಹೆಸರಿಟ್ಟಿದ್ದರು. ರಜೆಗೆ ಬಂದಾಗ, ನೀರಾಗ ಯಾರ ಬದು ಯಾರು ಒತ್ತ್ಯಾರಪಾ ಎಂದು ಕೇಳುತ್ತಿದ್ದರು.

ಎರೆಹೊಲದ ನಡುವೆ ಹುಟ್ಟಿದ ಅವನ ಹೊಟ್ಟೆಗೆ ಸಮುದ್ರ ಕೊನೆಯವರೆಗೂ ಒಗ್ಗಲಿಲ್ಲ. ಹಡಗು ಹೊರಟರೆ ಸಾಕು, ವಾಂತಿ. ನರಗುಂದದ ಜಂಗ್ಲಿಸಾಬ ಅದೇ ಹಡಗಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ. ಒಂದು ಕೈಯಲ್ಲಿ ನಟ್ಟು ಬಿಗಿಯುವ ಪಾನಾ, ಇನ್ನೊಂದರಲ್ಲಿ ಇವನಿಗೆ ಮೂಸಲು ಲಿಂಬೆಹಣ್ಣು ಹಿಡಿದೇ ನಿಂತಿರುತ್ತಿದ್ದನಂತೆ.

"ನಿಮ್ಮ ಗಂಡಂದು ಏನು ಕೆಲಸ ಅಂತ ಕೇಳಿದ್ರ ನಾ ಏನು ಹೇಳ್ಲಿ? ವಾಂತಿ ಮಾಡೂದು ಅಂತ ಹೇಳ್ಲೇನು?" ಎಂದು ಒಮ್ಮೆ ಹೊಳೆವ್ವ ರೊಟ್ಟಿ ಬಡಿಯುತ್ತ ಕೇಳಿದ್ದಳು.

ಮುತ್ತಣ್ಣ ಒಲೆಯ ಮುಂದೆ ಬಂದು ಕೂತ. "ಇಲ್ಲೆ ನೋಡು. ನೀ ಬಡಿಯೂ ಕೈ ಐತೆಲ್ಲ, ಅದು ನಮ್ಮ ಶಬ್ದದ ಯಂತ್ರ. ರೊಟ್ಟಿ ತಿರುಗಿಸೂ ಕೈ, ಹಡಗ ಎತ್ತಾಗ ಎಷ್ಟು ವಾಲ್ತು ಅಂತ ಹೇಳೂ ಯಂತ್ರ. ಎರಡೂ ಕೂಡೇ ನಡದ್ರ ರೊಟ್ಟಿ ಚಲೋ. ತಿರುಗಿಸೂ ಕೈ ಒಂಚೂರು ತಡಾ ಆದ್ರ?"

"ಅಂಚು ಒಡೀತೈತಿ."

"ನಡುವ ಏನಾಗತೈತಿ?"

"ನಡುವ ಏನೂ ಆಗಂಗಿಲ್ಲ."

"ನಮ್ಮದೂ ಹಂಗ. ತಳ ಸಪಾಟ ಇದ್ರೂ ನಕಾಶೆದಾಗ ಅಂಚಿನ ಕಡೆ ಅಲಿ ಅಲಿ ಕಾಣತೈತಿ. ಉಸುಕಿನ ದಿಬ್ಬ ಇರಬೌದು, ಇಲ್ಲಾ ಯಂತ್ರ ತಡಾ ಹೇಳಾಕ ಹತ್ತಿರಬೌದು. ಹ್ಯಾಂಗ ತಿಳೀಬೇಕು? ಹಡಗ ತಿರುಗಿಸಿ ಅದ ಹಾದ್ಯಾಗ ಮತ್ತ ಹೋಗೂದು. ದಿಬ್ಬ ಆದ್ರ ಇದ್ದಲ್ಲೇ ಇರತೈತಿ. ಜಾಗಾ ಬಿಟ್ಟು ಸರದ್ರ ಅದು ದಿಬ್ಬ ಅಲ್ಲ, ತಡಾ."

"ಇಷ್ಟಕ್ಕ ಅಲ್ಲೀತನಕ ಹೋಗಿ ವಾಂತಿ ಮಾಡಬೇಕೇನು? ನಮ್ಮವ್ವ ರೊಟ್ಟಿ ನೋಡೇ ಹೇಳತಿದ್ಲು."

ಮುತ್ತಣ್ಣ ನಗುತ್ತ ಬಿಸಿ ರೊಟ್ಟಿಯ ಒಡೆದ ಅಂಚು ಮುರಿದು ಬಾಯಿಗೆ ಹಾಕಿಕೊಂಡ.

* * *

ಜಗಳ ಏರುತ್ತಿರುವಾಗ ಹೊಳೆವ್ವ ಗಂಡನನ್ನೇ ನೋಡುತ್ತ ನಿಂತಳು. ಹೊತ್ತವರು ಬೈದಾಡುತ್ತ ನಾಲ್ಕು ಹೆಜ್ಜೆ ಮುಂದೆ ಹೋದರು. ಮುತ್ತಣ್ಣನ ಮಡಚಿದ ಕಾಲು, ತೊಡೆಯ ಮೇಲಿನ ಕೈ ಅಷ್ಟೇನೂ ಅಲುಗಲಿಲ್ಲ. ತಲೆ ಮತ್ತು ಅದರ ಮೇಲಿನ ಹೂವಿನ ಕಮಾನು ಮಾತ್ರ ಆ ಕಡೆ ಈ ಕಡೆ ತೂಗುತ್ತಿದ್ದವು. ನಡು ನೆಟ್ಟಗಿತ್ತು, ಅಂಚು ಕೆಟ್ಟಿತ್ತು.

"ಸಾಬಣ್ಣಾ," ಎಂದು ಕರೆದಳು.

ಮಣ್ಣಿಗೆಂದು ನರಗುಂದದಿಂದ ಬಂದಿದ್ದ ಜಂಗ್ಲಿಸಾಬ ಟೋಪಿ ಸರಿಮಾಡಿಕೊಳ್ಳುತ್ತ ಮುಂದೆ ಬಂದ. ಅವನ ಕಣ್ಣು ಅತ್ತು ಕೆಂಪಾಗಿದ್ದವು. "ಹೌದ್ರಿ ವೈನಿ. ನಾನೂ ಅದನ್ನ ನೋಡಾಕ ಹತ್ತೇನಿ. ಇದು ಹಾದಿದು ಅಲ್ಲ ಅನಸ್ತೈತಿ."

"ತಿರುಗಿಸಿ ನೋಡಿದ್ರ ಗೊತ್ತಾಗತೈತಿ."

"ಹಡಗ ಆಗಿದ್ರ ತಿರುಗಿಸತಿದ್ವಿ," ಎಂದು ಅವನು ನೀಲಪ್ಪನ ಮುಖ ನೋಡಿದ.

ನೀಲಪ್ಪನ ಮುಖ ಕಪ್ಪಾಯಿತು. "ಹೆಣಾ ಹಿಂದಕ್ಕ ತರತಾರೇನು? ಎಲ್ಲಿಂದ ಕಲತು ಬಂದೀರಿ ಇದನ್ನ? ಮನಿ ಕಡೆ ಮುಖ ಮಾಡಿದ್ರ ಆತ ಹೋಗಂಗಿಲ್ಲ, ಮನ್ಯಾಗ ಉಳೀತಾನ."

"ಮನ್ಯಾಗ ಉಳಿಯೂ ಗಂಡಸಾಗಿದ್ರ ಸಮುದ್ರಕ್ಕ ಯಾಕ ಹೋಗತಿದ್ದ? ಮುಖ ತಿರುಗಿಸಬ್ಯಾಡ್ರಿ. ಅದು ಹೋಗೂ ಕಡೇನ ಇರಲಿ. ಹೊತ್ತಾವರು ಅಷ್ಟ ಗಳದ ಕೆಳಗ ತಿರುಗ್ರಿ."

ನೀಲಪ್ಪ ಇದಕ್ಕೆ ಶಾಸ್ತ್ರ ಹುಡುಕಿದ. ಸಿಗಲಿಲ್ಲ. ಹೀಗೆ ಯಾರೂ ಕೇಳದೇ ಇದ್ದುದರಿಂದ ಹಿರಿಯರು ಇದಕ್ಕೆ ಬೇಡ ಎಂದೂ ಹೇಳಿರಲಿಲ್ಲ.

ಹೊತ್ತವರು ಗಳದ ಕೆಳಗೇ ಗಿರಕಿ ಹೊಡೆದರು. ಮುತ್ತಣ್ಣ ರುದ್ರಭೂಮಿಯ ಕಡೆ ನೋಡುತ್ತ ಮನೆಯ ಕಡೆ ಹೊರಟ. ಟ್ರ್ಯಾಕ್ಟರ್ ರಿವರ್ಸಿನಲ್ಲಿ ಬಂತು. ಜಂಗ್ಲಿಸಾಬ ಪಕ್ಕದಲ್ಲೇ ನಡೆಯುತ್ತ, ತಲೆ ವಾಲಿದಲ್ಲೆಲ್ಲ ಒಂದು ಕಲ್ಲಿಟ್ಟ. ಬಸವಣ್ಣನ ಕಟ್ಟೆಯ ಹತ್ತಿರ ಬಂದು ಮತ್ತೆ ಮುಂದಕ್ಕೆ ಹೊರಟಾಗ, ಯಾರದೋ ಗೋಡೆಗೆ ಬಡಿದಿದ್ದ ಸೆಗಣಿಯ ಕುಳ್ಳು ಕಿತ್ತು ಅದರ ಚೂರು ಇಡುತ್ತ ಬಂದ. ಹಿಟ್ಟಿನ ಗಿರಣಿಯವನ ಹೆಂಡತಿ ಕವಿತಾ ಮೊದಲ ಸಲ ಬಾಗಿಲಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಹೆಣ ತಿರುಗಿ ಬಂದಾಗ ಬಾಯಿಗೆ ಸೆರಗು ಹಿಡಿದಳು. ಮತ್ತೊಮ್ಮೆ ಬಂದಾಗ ಕುರ್ಚಿ ತಂದು ಹಾಕಿಕೊಂಡು ಕೂತಳು.

ಮಂದಿಯೆಲ್ಲ ಬಗ್ಗಿ ನೋಡಿದರು. ಕಲ್ಲು ಇದ್ದಲ್ಲಿ ಕುಳ್ಳಿರಲಿಲ್ಲ, ಕುಳ್ಳಿದ್ದಲ್ಲಿ ಕಲ್ಲಿರಲಿಲ್ಲ. ಹಾದಿ ಕೆಡಿಸಿದೆಯೆಂದು ಎಲ್ಲರೂ ಬೈದಿದ್ದ, ನೀರಿನ ಪೈಪಿಗೆ ಅಗೆದ ತಗ್ಗಿನಲ್ಲಿ ಮುತ್ತಣ್ಣ ಅಲುಗಾಡಿಯೇ ಇರಲಿಲ್ಲ. ಗಿರಣಿಯ ಮುಂದಿನ ನುಣುಪು ಸಿಮೆಂಟಿನ ಮೇಲೆ ಬಿದ್ದೇಬಿಡುವಂತೆ ವಾಲಿದ್ದ.

"ಹಾದಿದಲ್ಲ," ಎಂದ ಜಂಗ್ಲಿಸಾಬ. "ತಡಾದ್ದು."

ಹೊಳೆವ್ವ ಆಗಲೇ ಹೊತ್ತವರ ಕಾಲು ನೋಡುತ್ತಿದ್ದಳು. ಮುಂದಿನ ಶಿರೋಳದವರು ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದರು. ಹಿಂದಿನ ಜಕ್ಕಲಿಯವರು ಸ್ಪೀಕರಿನ ತಾಳಕ್ಕೆ. ಮುಂದಿನವರು ಎಡ ಎತ್ತಿದರೆ ಹಿಂದಿನವರು ಇನ್ನೂ ಬಲದಲ್ಲಿ. ನಡುವೆ ಕೂತವನು ಎರಡು ಊರಿಗೂ ತಲೆದೂಗುತ್ತಿದ್ದ.

"ದೇವಪ್ಪಾ, ಮೈಕ್ ಬಂದ್ ಮಾಡು."

"ಹಲಗಿ ನಿಂದರಸ್ಲಿ ಅಕ್ಕಾ. ಮಾವಗ ಅಂತ ಜಕ್ಕಲಿಂದ ಭಜನಿ ತಂದೇನಿ."

"ಹಲಗಿ ಇಲ್ದ ಹೆಣ ಹೋಗತೈತೇನೋ?" ಎಂದ ನೀಲಪ್ಪ.

"ಎರಡೂ ಬಂದ್," ಎಂದಳು ಹೊಳೆವ್ವ. "ಇಲ್ಲಾ, ನಾ ಇಲ್ಲೇ ಕುಂದ್ರತೇನಿ." ಎಂದವಳೇ ಗಳದ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟಳು.

ಎರಡೂ ನಿಂತವು. ಹೊಳೆವ್ವ ಎದ್ದು ದಾರಿ ಬಿಟ್ಟಳು. ಹೊತ್ತವರು ಮೌನದಲ್ಲಿ ಹೆಜ್ಜೆ ಎತ್ತಿದರು. ಈಗ ಎಂಟು ಮಂದಿಗೆ ಎಂಟು ತಾಳ. ಮುತ್ತಣ್ಣ ಬಲಕ್ಕೆ ವಾಲಿದ, ಮುಂದಕ್ಕೆ ಬಾಗಿದ, ಕಮಾನಿಗೆ ಹಣೆ ಬಡಿಯಿತು.

ಆ ಸದ್ದಿಗೆ ಹೊಳೆವ್ವನ ಕಚ್ಚಿದ ಹಲ್ಲು ಬಿಟ್ಟಿತು. "ಅಯ್ಯ ನನ್ನ ದೊರಿಯೇ," ಎಂದು ಎದೆ ಬಡಿದುಕೊಂಡು ಹಾಡಿ ಅಳತೊಡಗಿದಳು.

"ನೀರಾಗ ನಿಂತೀ ನನ್ನ ದೊರಿಯೇ, ಕಾಳಿನ ಕೂಳಾ ಕಾರಿದೇ ನನ್ನ ದೊರಿಯೇ, ಮೀನ ನಾರೂ ಅಂಗಿ ನಾ ಒಗದೇ ನನ್ನ ದೊರಿಯೇ, ಮಂದ್ಯಾಗ ಮಾನ ಕಳದೇ ನನ್ನ ದೊರಿಯೇ..."

ಬೈಗುಳವೋ ಅಳುವೋ ಗೊತ್ತಾಗದ ಹಾಡು. ಪ್ರತಿ ದೊರಿಯೇಗೂ ಎದೆಯ ಮೇಲೆ ಒಂದು ಪೆಟ್ಟು. ಆ ಪೆಟ್ಟಿಗೆ ಮೊದಲು ಮುಂದಿನವರ ಕಾಲು ಎದ್ದಿತು, ಆಮೇಲೆ ಹಿಂದಿನವರದ್ದು, ಆಮೇಲೆ ಎಲ್ಲರದ್ದೂ ಒಟ್ಟಿಗೆ. ಕಾರಿದ್ದರ ಮಾತು ಬಂದಾಗ ಕೆಲವರು ನಕ್ಕರು. ನಕ್ಕರೂ ಹೆಜ್ಜೆ ತಪ್ಪಲಿಲ್ಲ. ಜಂಗ್ಲಿಸಾಬ ಬಾಯಿಗೆ ಅಂಗೈ ಒತ್ತಿಕೊಂಡು, ಗಂಡಹೆಂಡಿರ ಹಿಂದೆ ಅದೇ ಹೆಜ್ಜೆಯಲ್ಲಿ ನಡೆದ.

ಓಣಿ ಮುಗಿದು ದೊಡ್ಡ ರಸ್ತೆ ಬಂತು. ರೋಣಕ್ಕೆ ಹೋಗುವ ಬಸ್ಸು ದಾರಿ ಬಿಟ್ಟು ನಿಂತಿತ್ತು. ಕಿಟಕಿಯ ಹತ್ತಿರ ಕೂತಿದ್ದ ಮುದುಕಿಯೊಬ್ಬಳಿಗೆ ಇಂಜಿನ್ನಿನ ಸದ್ದಿನಲ್ಲಿ ಅಳು ಕೇಳದೆ, ಮಂದಿಯ ತಲೆಗಳ ಮೇಲೆ ಹೂವಿನ ನಡುವೆ, ಹಣೆಗೆ ವಿಭೂತಿ ಹಚ್ಚಿಕೊಂಡು, ಒಂದಿಷ್ಟೂ ಅಲುಗಾಡದೆ ತೇಲಿ ಬರುತ್ತಿದ್ದ ಮುತ್ತಣ್ಣನಷ್ಟೇ ಕಂಡ. ಯಾವುದೋ ಮಠದ ಸ್ವಾಮಿಗಳ ಅಡ್ಡಪಲ್ಲಕ್ಕಿ ಎಂದುಕೊಂಡು ಅವಳು ಗಡಬಡಿಸಿ ಎದ್ದು ಕೈಮುಗಿದಳು. ಕಿಟಕಿಯ ಹೊರಗೆ ಸೆರಗು ಚಾಚಿ, ಪ್ರಸಾದಕ್ಕೆ ಒಡ್ಡಿ ಹಿಡಿದಳು.